ನಿಸ್ತಂತು ಗಿಟಾರ್: ಸಂಕೇತ ಕುಗ್ಗಿದಾಗ ಹುಡುಕುವುದೆಲ್ಲಿ?

ವಿದ್ಯುತ್ ಗಿಟಾರಿನಿಂದ ಆಂಪ್ಲಿಫೈಯರಿಗೆ ಸಾಮಾನ್ಯವಾಗಿ ಒಂದು ಕೇಬಲ್ ಎಳೆದಿರುತ್ತಾರೆ. ಆ ಕೇಬಲ್ಲಿನ ಕೆಲಸವನ್ನು ರೇಡಿಯೊ ಅಲೆಗಳಿಗೆ ವಹಿಸುವ ಸಾಧನವೇ ನಿಸ್ತಂತು ಗಿಟಾರ್ ವ್ಯವಸ್ಥೆ. ವಾದಕರ ರೂಢಿಯಲ್ಲಿ ಬರೀ ‘ವೈರ್‌ಲೆಸ್’. ಇದನ್ನು ಬಳಸುವವರಿಂದ ಮತ್ತೆ ಮತ್ತೆ ಕೇಳಿಬರುವ ದೂರು ಒಂದಿದೆ: ‘ಸಿಗ್ನಲ್ ಕಮ್ಮಿ ಬರ್ತಾ ಇದೆ.’ ಈ ಒಂದು ಮಾತಿನ ಹಿಂದೆ ಎರಡು ಬೇರೆ ಬೇರೆ ದೋಷಗಳು ಅಡಗಿರಬಹುದು. ಶಬ್ದದ ಮಟ್ಟ ಕುಗ್ಗಿರುವುದು ಒಂದು, ರೇಡಿಯೊ ಅಲೆಯ ಬಲ ಕುಗ್ಗಿರುವುದು ಇನ್ನೊಂದು. ಎರಡಕ್ಕೂ ಕಾರಣ ಬೇರೆ, ಪರಿಹಾರವೂ ಬೇರೆ. ಯಾವುದೆಂದು ಗೊತ್ತುಮಾಡಿಕೊಳ್ಳದೆ ಆಂಟೆನಾ ತಿರುಗಿಸುತ್ತ ಕೂತರೆ ಕಾರ್ಯಕ್ರಮ ತಡವಾಗುತ್ತದೆಯೇ ಹೊರತು ದೋಷ ಹೋಗುವುದಿಲ್ಲ.

ವ್ಯವಸ್ಥೆಯ ಸ್ವರೂಪ

ಇದರಲ್ಲಿ ಮುಖ್ಯ ಭಾಗಗಳು ಎರಡು. ಗಿಟಾರಿನ ಬಳಿ ಇರುವುದು ಪ್ರೇಷಕ, ಅಂದರೆ ಟ್ರಾನ್ಸ್‌ಮಿಟರ್. ಸೊಂಟದ ಬೆಲ್ಟಿಗೋ ಗಿಟಾರಿನ ಪಟ್ಟಿಗೋ ಸಿಕ್ಕಿಸಿಕೊಂಡು, ಗಿಡ್ಡ ಕೇಬಲ್ಲಿನಿಂದ ಗಿಟಾರಿಗೆ ಜೋಡಿಸುವ ಬಾಡಿಪ್ಯಾಕ್ ಇದರ ಒಂದು ಬಗೆ. ಕೇಬಲ್ಲೇ ಇಲ್ಲದೆ ಗಿಟಾರಿನ ಜ್ಯಾಕಿಗೆ ನೇರವಾಗಿ ಚುಚ್ಚುವ ಪುಟ್ಟ ಪ್ಲಗ್ ಇನ್ನೊಂದು ಬಗೆ. ಆಂಪಿನ ಬಳಿ ಇರುವುದು ಗ್ರಾಹಕ, ಅಂದರೆ ರಿಸೀವರ್. ಅದು ಗಾಳಿಯಿಂದ ಹಿಡಿದ ಅಲೆಯನ್ನು ಮತ್ತೆ ಶಬ್ದದ ಸಂಕೇತವಾಗಿಸಿ ಆಂಪಿಗೋ ಪೆಡಲ್‌ಬೋರ್ಡಿಗೋ ಮಿಕ್ಸರಿಗೋ ಕೊಡುತ್ತದೆ.

ಸಂಕೇತ ಹುಟ್ಟುವುದು ಗಿಟಾರಿನ ಪಿಕಪ್‌ನಲ್ಲಿ. ಉಕ್ಕಿನ ತಂತಿ ಕಂಪಿಸಿದಾಗ ಪಿಕಪ್‌ನ ಕಾಂತಕ್ಷೇತ್ರ ಏರುಪೇರಾಗಿ, ಅದರ ಸುತ್ತಲಿನ ತಾಮ್ರದ ಸುರುಳಿಯಲ್ಲಿ ವೋಲ್ಟೇಜ್ ಉಂಟಾಗುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಪ್ರಯೋಗದಿಂದ ತೋರಿಸಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದು. ಸುರುಳಿಗೆ ಸಾವಿರಾರು ಸುತ್ತುಗಳಿದ್ದರೂ ಸಿಗುವ ವೋಲ್ಟೇಜ್ ಅಲ್ಪ. ಮೆಲ್ಲಗೆ ಮೀಟಿದರೆ ಒಂದು ವೋಲ್ಟಿನ ಹತ್ತನೇ ಒಂದು ಭಾಗದಷ್ಟು, ಬಿರುಸಾಗಿ ಬಾರಿಸಿದರೆ ಒಂದು ವೋಲ್ಟಿನ ಆಸುಪಾಸು. ಪಿಕಪ್‌ನಿಂದ ಪಿಕಪ್‌ಗೆ ಈ ಅಂಕಿ ಸಾಕಷ್ಟು ಬದಲಾಗುತ್ತದೆ. ಪ್ರೇಷಕದಲ್ಲಿ ಗೇನ್ ಹೊಂದಿಸುವ ಸೌಲಭ್ಯ ಕೊಟ್ಟಿರುವುದು ಈ ಕಾರಣಕ್ಕೇ.

ಎರಡು ಮಟ್ಟ, ಎರಡು ಮೀಟರ್

ತುಸು ಒಳ್ಳೆಯ ರಿಸೀವರ್‌ಗಳ ಮುಖದ ಮೇಲೆ ಎರಡು ಸೂಚಕಗಳಿರುತ್ತವೆ. ‘ಎಎಫ್’ ಅಥವಾ ‘ಆಡಿಯೊ’ ಎಂದಿರುವುದು ಶಬ್ದದ ಮಟ್ಟವನ್ನು ತೋರಿಸುತ್ತದೆ. ‘ಆರ್‌ಎಫ್’ ಎಂದಿರುವುದು ರೇಡಿಯೊ ಅಲೆಯ ಬಲವನ್ನು. ಎರಡನ್ನೂ ಅಳೆಯುವ ಮಾನ ಡೆಸಿಬೆಲ್. ವೋಲ್ಟೇಜ್ ಇಮ್ಮಡಿಯಾದರೆ ಸುಮಾರು 6 ಡೆಸಿಬೆಲ್ ಏರಿಕೆ, ಹತ್ತು ಪಟ್ಟಾದರೆ 20 ಡೆಸಿಬೆಲ್. ಶಕ್ತಿಯ ಲೆಕ್ಕದಲ್ಲಾದರೆ ಇಮ್ಮಡಿಗೆ 3, ಹತ್ತು ಪಟ್ಟಿಗೆ 10. ಈ ನಾಲ್ಕು ಅಂಕಿಗಳು ನೆನಪಿದ್ದರೆ ಸಾಧನಗಳ ಕೈಪಿಡಿಯಲ್ಲಿ ಬರುವ ಬಹುಪಾಲು ಲೆಕ್ಕ ಅರ್ಥವಾಗುತ್ತದೆ.

ದೋಷಶೋಧನೆಯ ಮೊದಲ ಹೆಜ್ಜೆ ಈ ಎರಡು ಸೂಚಕಗಳನ್ನು ಒಟ್ಟಿಗೆ ನೋಡುವುದು. ವಾದಕ ಗಿಟಾರ್ ಬಾರಿಸುತ್ತಿರುವಾಗ ಆರ್‌ಎಫ್ ತುಂಬಿದ್ದು ಆಡಿಯೊ ಮಾತ್ರ ಕೆಳಗಿದ್ದರೆ, ರೇಡಿಯೊ ಕೊಂಡಿ ಸರಿಯಾಗಿದೆ. ದೋಷ ಗಿಟಾರಿನಲ್ಲಿ, ಅದರ ಕೇಬಲ್ಲಿನಲ್ಲಿ ಅಥವಾ ಪ್ರೇಷಕದ ಗೇನ್‌ನಲ್ಲಿದೆ. ಎರಡೂ ತುಂಬಿದ್ದು ಆಂಪಿನಲ್ಲಿ ಮಾತ್ರ ಶಬ್ದ ಸಣ್ಣದಾಗಿದ್ದರೆ ದೋಷ ರಿಸೀವರಿನಿಂದ ಮುಂದಿದೆ. ಆರ್‌ಎಫ್ ಸೂಚಕವೇ ಏರಿಳಿಯುತ್ತಿದ್ದರೆ ಮಾತ್ರ ಆಂಟೆನಾ, ದೂರ, ಅಡೆತಡೆಗಳ ಕಡೆಗೆ ನೋಡಬೇಕು.

ರೇಡಿಯೊ ದುರ್ಬಲವಾದರೆ ಶಬ್ದ ಸಣ್ಣದಾಗುವುದಿಲ್ಲ

ವಾದಕ ದೂರ ಹೋದಂತೆ ಶಬ್ದ ಕ್ರಮೇಣ ಸಣ್ಣದಾಗುತ್ತದೆ ಎಂಬುದು ವ್ಯಾಪಕವಾದ ತಪ್ಪು ಕಲ್ಪನೆ. ಅನಲಾಗ್ ವೈರ್‌ಲೆಸ್‌ಗಳು ಬಳಸುವುದು ಎಫ್‌ಎಂ ವಿಧಾನವನ್ನು. ಅಮೆರಿಕದ ಎಂಜಿನಿಯರ್ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಇದರ ವಿಶಾಲಪಟ್ಟಿಯ ರೂಪಕ್ಕೆ ಪೇಟೆಂಟ್ ಪಡೆದದ್ದು 1933ರಲ್ಲಿ. ಇದರಲ್ಲಿ ಅಲೆಯ ಎತ್ತರ ಬದಲಾಗುವುದಿಲ್ಲ. ಶಬ್ದಕ್ಕೆ ತಕ್ಕಂತೆ ಅಲೆಯ ಆವೃತ್ತಿ ತನ್ನ ಕೇಂದ್ರದಿಂದ ಆಚೀಚೆ ಸರಿಯುತ್ತದೆ. ಶಬ್ದ ಜೋರಾದಷ್ಟೂ ಸರಿಯುವ ಅಗಲ ಹೆಚ್ಚು. ರಿಸೀವರ್ ಗಮನಿಸುವುದು ಈ ಅಗಲವನ್ನು ಮಾತ್ರ. ಅಲೆಯ ಎತ್ತರದ ಏರುಪೇರನ್ನು ಅದು ಮೊದಲೇ ಕತ್ತರಿಸಿ ಸಮಮಾಡಿಬಿಡುತ್ತದೆ. ಹಾಗಾಗಿ ಕೊಂಡಿ ಗಟ್ಟಿಯಾಗಿರುವಷ್ಟು ಹೊತ್ತು 5 ಮೀಟರಿನಲ್ಲಿ ಕೇಳಿದ ಮಟ್ಟವೇ 30 ಮೀಟರಿನಲ್ಲೂ ಕೇಳುತ್ತದೆ.

ಅಲೆ ತೀರಾ ಕ್ಷೀಣಿಸಿದಾಗ ಆಗುವುದೇ ಬೇರೆ. ಮೊದಲು ಸುಂಯ್‌ಗುಡುವ ಹಿನ್ನೆಲೆ ಸದ್ದು ಏಳುತ್ತದೆ, ಆಮೇಲೆ ಚಟಪಟ ಸದ್ದು, ಕೊನೆಗೆ ಸ್ಕ್ವೆಲ್ಚ್ ಎಂಬ ಮಂಡಲ ಶಬ್ದವನ್ನೇ ತಡೆದುಬಿಡುತ್ತದೆ. ಡಿಜಿಟಲ್ ವ್ಯವಸ್ಥೆಯಲ್ಲಿ ಈ ಮುನ್ಸೂಚನೆಯೂ ಇರುವುದಿಲ್ಲ. ಶಬ್ದ ಅಂಕಿಗಳಾಗಿ ಹೋಗುವುದರಿಂದ ಅಂಕಿಗಳು ತಲುಪಿದರೆ ಪೂರ್ತಿ ಶಬ್ದ, ತಲುಪದಿದ್ದರೆ ಮೌನ. ಒಟ್ಟಿನಲ್ಲಿ, ಕಡಿಯದೆ ಸ್ವಚ್ಛವಾಗಿ ಬರುತ್ತಿರುವ ಆದರೆ ಸಣ್ಣದಾಗಿರುವ ಶಬ್ದಕ್ಕೆ ರೇಡಿಯೊವನ್ನು ದೂರುವುದು ನ್ಯಾಯವಲ್ಲ. ಇಂಥ ದೂರುಗಳಲ್ಲಿ ಆಂಟೆನಾ ನಿರಪರಾಧಿ.

ಅನಲಾಗ್ ವ್ಯವಸ್ಥೆಯ ಇನ್ನೊಂದು ಅಂಗವೂ ಇಲ್ಲಿ ಮುಖ್ಯ. ಗಿಟಾರಿನ ಮೆಲುದನಿ ಮತ್ತು ಜೋರುದನಿಗಳ ನಡುವಿನ ಅಂತರ ರೇಡಿಯೊ ಕೊಂಡಿಯ ಸಾಮರ್ಥ್ಯಕ್ಕಿಂತ ದೊಡ್ಡದು. ಅದಕ್ಕಾಗಿ ಪ್ರೇಷಕ ಆ ಅಂತರವನ್ನು ಸಾಮಾನ್ಯವಾಗಿ ಅರ್ಧಕ್ಕೆ ಅದುಮಿ ಕಳಿಸುತ್ತದೆ, ರಿಸೀವರ್ ಮತ್ತೆ ಇಮ್ಮಡಿಗೆ ಹಿಗ್ಗಿಸುತ್ತದೆ. ಈ ಅದುಮು-ಹಿಗ್ಗು ಕ್ರಿಯೆಗೆ ಕಂಪ್ಯಾಂಡಿಂಗ್ ಎನ್ನುತ್ತಾರೆ. ಒಂದು ತಯಾರಕರ ಪ್ರೇಷಕವನ್ನು ಮತ್ತೊಬ್ಬರ ರಿಸೀವರಿನೊಂದಿಗೆ ಒಂದೇ ಆವೃತ್ತಿಗೆ ಕೂಡಿಸಿದಾಗ ಶಬ್ದ ಬರುವುದುಂಟು. ಆದರೆ ಇಬ್ಬರ ಕಂಪ್ಯಾಂಡಿಂಗ್ ಹೊಂದದ ಕಾರಣ ಮಟ್ಟ ಎಡವಟ್ಟಾಗಿ, ಸ್ವರದ ಬಾಲ ಕತ್ತರಿಸಿದಂತೆ ಕೇಳುತ್ತದೆ.

ಗಿಟಾರಿನ ತುದಿಯಲ್ಲಿ

ಶಬ್ದದ ಮಟ್ಟ ಕುಗ್ಗಿದೆ ಎಂದು ಖಚಿತವಾದ ಮೇಲೆ ವೈರ್‌ಲೆಸ್ ಅನ್ನು ಪಕ್ಕಕ್ಕಿಟ್ಟು, ಚೆನ್ನಾಗಿದೆ ಎಂದು ತಿಳಿದಿರುವ ಕೇಬಲ್ಲಿನಲ್ಲಿ ಗಿಟಾರನ್ನು ನೇರವಾಗಿ ಆಂಪಿಗೆ ಜೋಡಿಸಿ ನೋಡಬೇಕು. ಆಗಲೂ ಶಬ್ದ ಸಣ್ಣದಿದ್ದರೆ ವೈರ್‌ಲೆಸ್‌ನ ತಪ್ಪೇನೂ ಇಲ್ಲ. ವಾಲ್ಯೂಮ್ ಗುಬುಟು ಪೂರ್ತಿ ತಿರುಗಿದೆಯೇ, ಪಿಕಪ್ ತಂತಿಗಳಿಂದ ತೀರಾ ಕೆಳಗಿಳಿದಿದೆಯೇ, ಜ್ಯಾಕಿನ ಒಳಗಿನ ಸ್ಪ್ರಿಂಗ್ ಸಡಿಲವಾಗಿದೆಯೇ ಎಂಬುದನ್ನು ಪರಿಶೀಲಿಸಬೇಕು. 6.35 ಮಿಲಿಮೀಟರ್ ಜ್ಯಾಕಿನ ಲೋಹದ ನಾಲಗೆ ವರ್ಷಗಳ ಬಳಕೆಯಿಂದ ಬಿಗಿ ಕಳೆದುಕೊಳ್ಳುತ್ತದೆ, ಕಿಲುಬೂ ಹಿಡಿಯುತ್ತದೆ. ಪ್ಲಗ್ ಬಗೆಯ ಪ್ರೇಷಕದ ಭಾರ ಅದರ ಮೇಲೇ ನೇತಾಡುವುದರಿಂದ, ಕೇಬಲ್ಲಿನಲ್ಲಿ ಕಾಣದ ಸಡಿಲ ಅಲ್ಲಿ ಕಾಣಿಸಿಕೊಳ್ಳಬಹುದು.

ಒಳಗೆ 9 ವೋಲ್ಟ್ ಬ್ಯಾಟರಿ ಇರುವ ಗಿಟಾರ್‌ಗಳಲ್ಲಿ ಒಂದು ವಿಶೇಷ ಸೂಕ್ಷ್ಮವಿದೆ. ಸಕ್ರಿಯ ಪಿಕಪ್‌ನ ವಿದ್ಯುತ್ ಗಿಟಾರ್‌ಗಳು, ಬ್ರಿಡ್ಜಿನ ಅಡಿಯಲ್ಲಿ ಪೀಜೊ ಪಟ್ಟಿ ಇರುವ ಅಕೂಸ್ಟಿಕ್ ಗಿಟಾರ್‌ಗಳು ಈ ಗುಂಪಿನವು. ಇವುಗಳಲ್ಲಿ ಬ್ಯಾಟರಿಗೆ ಪ್ರತ್ಯೇಕ ಸ್ವಿಚ್ ಇಡುವ ಬದಲು ಜ್ಯಾಕನ್ನೇ ಸ್ವಿಚ್ ಮಾಡಿರುತ್ತಾರೆ. ಜ್ಯಾಕ್ ಮೂರು ಸಂಪರ್ಕಗಳ ಸ್ಟೀರಿಯೊ ಜ್ಯಾಕ್. ಅದರ ನಡುವಿನ ಸಂಪರ್ಕಕ್ಕೆ ಬ್ಯಾಟರಿಯ ಋಣ ತುದಿ ಬಂದಿರುತ್ತದೆ. ಎರಡೇ ಭಾಗಗಳ ಮಾನೊ ಪ್ಲಗ್ ಚುಚ್ಚಿದಾಗ ಅದರ ಉದ್ದನೆಯ ಬುಡ ನಡುವಿನ ಸಂಪರ್ಕವನ್ನು ಭೂ ತಂತಿಗೆ ಕೂಡಿಸಿ ಮಂಡಲವನ್ನು ಪೂರ್ಣಗೊಳಿಸುತ್ತದೆ. ಕಣ್ತಪ್ಪಿನಿಂದ ಮೂರು ಭಾಗಗಳ ಸ್ಟೀರಿಯೊ ಪ್ಲಗ್ ಚುಚ್ಚಿದರೆ ಈ ಕೂಡಿಕೆ ಆಗುವುದಿಲ್ಲ, ಗಿಟಾರಿನೊಳಗಿನ ಮಂಡಲಕ್ಕೆ ವಿದ್ಯುತ್ ಸಿಗುವುದಿಲ್ಲ. ಶಬ್ದ ಬಾರದೆ ಹೋಗಬಹುದು ಅಥವಾ ಅಸ್ಪಷ್ಟವಾಗಿ, ಕ್ಷೀಣವಾಗಿ ಬರಬಹುದು. ಪ್ಲಗ್ಗಿನ ಮೇಲಿನ ಕಪ್ಪು ಉಂಗುರಗಳನ್ನು ಎಣಿಸಿದರೆ ಉತ್ತರ ಸಿಗುತ್ತದೆ: ಒಂದು ಉಂಗುರವಿದ್ದರೆ ಮಾನೊ, ಎರಡಿದ್ದರೆ ಸ್ಟೀರಿಯೊ. ಜ್ಯಾಕೇ ಸ್ವಿಚ್ ಆಗಿರುವುದರಿಂದ ಪ್ರೇಷಕವನ್ನು ರಾತ್ರಿಯಿಡೀ ಚುಚ್ಚಿಟ್ಟರೆ ಗಿಟಾರಿನ ಬ್ಯಾಟರಿ ಸೋರಿಹೋಗುತ್ತದೆ ಎಂಬುದೂ ಗಮನಾರ್ಹ.

ಪ್ರೇಷಕದ ಗೇನ್ ಮತ್ತು ಕೇಬಲ್

ಬಾಡಿಪ್ಯಾಕುಗಳು ಬಹುಮಟ್ಟಿಗೆ ಎರಡು ಕೆಲಸಕ್ಕೆ ಬರುತ್ತವೆ: ಕೊರಳಪಟ್ಟಿಯ ಮೈಕಿಗೆ, ವಾದ್ಯಕ್ಕೆ. ಮೈಕಿಗೆ ಬೇಕಾದ ಇನ್‌ಪುಟ್ ಇಂಪೀಡೆನ್ಸ್ ಕೆಲವು ಸಾವಿರ ಓಮ್ ಆದರೆ ಗಿಟಾರ್ ಪಿಕಪ್ ಬಯಸುವುದು ಸುಮಾರು 10 ಲಕ್ಷ ಓಮ್. ಕಡಿಮೆ ಓಮ್‌ನ ಇನ್‌ಪುಟ್ಟಿಗೆ ಜೋಡಿಸಿದ ಪಿಕಪ್ ಮೇಲೆ ಹೊರೆ ಬಿದ್ದು, ಮಟ್ಟ ಇಳಿಯುತ್ತದೆ. ತಾರಸ್ವರಗಳು ಇನ್ನೂ ಹೆಚ್ಚು ಮಂಕಾಗುತ್ತವೆ. ಈ ವ್ಯತ್ಯಾಸ ಹಲವು ಬಾಡಿಪ್ಯಾಕುಗಳಲ್ಲಿ ಅಡಗಿರುವುದು ಕೇಬಲ್ಲಿನ ಪಿನ್‌ಗಳಲ್ಲಿ. ಪ್ರಚಲಿತವಾದ ನಾಲ್ಕು ಪಿನ್‌ಗಳ ಮಿನಿ ಪ್ಲಗ್ಗಿನ ಒಂದು ವಿನ್ಯಾಸದಲ್ಲಿ, ಮೈಕ್ ಕೇಬಲ್ಲಿನಲ್ಲಿ ಬಳಕೆಯಾಗುವ ನಾಲ್ಕನೆಯ ಪಿನ್ ವಾದ್ಯದ ಕೇಬಲ್ಲಿನಲ್ಲಿ ಖಾಲಿ ಬಿಟ್ಟಿರುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಪೇಟೆಯಲ್ಲಿ ಬೆಸುಗೆ ಹಾಕಿಸಿದ ಕೇಬಲ್ಲಿನಿಂದ ಶಬ್ದ ಮಂಕಾಗಿ, ಸಣ್ಣದಾಗಿ ಬಂದರೆ ಮೊದಲ ಅನುಮಾನ ಈ ಪಿನ್ ಮೇಲೆ ಇರಬೇಕು. ಎರಡನೆಯ ಅನುಮಾನ ಪ್ಲಗ್ಗಿನ ಕೊರಳಿನ ಮೇಲೆ. ಕೇಬಲ್ ಪದೇ ಪದೇ ಬಾಗುವುದು ಅಲ್ಲಿಯೇ, ಒಳಗಿನ ಎಳೆಗಳು ಮುರಿಯುವುದೂ ಅಲ್ಲಿಯೇ.

ಗೇನ್ ಹೊಂದಿಸುವ ಕ್ರಮ ಸರಳ. ಗಿಟಾರಿನ ವಾಲ್ಯೂಮ್ ಪೂರ್ತಿ ಇಟ್ಟು, ಪ್ರದರ್ಶನದಲ್ಲಿ ಬಾರಿಸುವ ಅತಿ ಬಿರುಸಿನ ಹೊಡೆತವನ್ನೇ ಬಾರಿಸಬೇಕು. ಸೂಚಕದ ಕೆಂಪು ದೀಪ ಹೊತ್ತುವ ತನಕ ಗೇನ್ ಏರಿಸಿ, ದೀಪ ಹೊತ್ತದ ಮಟ್ಟಕ್ಕೆ ತುಸು ಇಳಿಸಿ ನಿಲ್ಲಿಸಬೇಕು. ಸೌಂಡ್ ಚೆಕ್‌ನಲ್ಲಿ ಮೆಲ್ಲಗೆ ಮೀಟಿ ಹೊಂದಿಸಿದ ಗೇನ್ ಕಾರ್ಯಕ್ರಮದಲ್ಲಿ ಕೈಕೊಡುವುದು ಖಂಡಿತ. ಪ್ರೇಷಕದಲ್ಲಿ ‘ಪ್ಯಾಡ್’ ಎಂಬ ಸ್ವಿಚ್ ಇದ್ದು ಅದು ಮೈನಸ್ 10 ಅಥವಾ ಮೈನಸ್ 20 ಡೆಸಿಬೆಲ್‌ನಲ್ಲಿ ಉಳಿದಿದ್ದರೆ, ಬಲವಾದ ಸಕ್ರಿಯ ಪಿಕಪ್‌ಗೆ ಅದು ಸರಿ, ಸಾಧಾರಣ ಪಿಕಪ್‌ಗೆ ಅದೇ ದೋಷ.

ಪ್ರೇಷಕದಲ್ಲಿ ಕಡಿಮೆ ಇಟ್ಟು ಆಂಪಿನಲ್ಲಿ ಏರಿಸಿಕೊಂಡರಾಯಿತು ಎನ್ನುವವರಿದ್ದಾರೆ. ಶಬ್ದ ಜೋರಾಗುತ್ತದೆ, ನಿಜ. ಆದರೆ ರೇಡಿಯೊ ಕೊಂಡಿಗೆ ತನ್ನದೇ ಆದ ಹಿನ್ನೆಲೆ ಸದ್ದಿದೆ. ಕೊಂಡಿಯನ್ನು ದಾಟಿದ ಮೇಲೆ ಮಾಡುವ ಪ್ರತಿ ಏರಿಕೆಯೂ ಆ ಸದ್ದನ್ನು ಸಂಗೀತದ ಜೊತೆಗೇ ಏರಿಸುತ್ತದೆ. ಮಟ್ಟವನ್ನು ಎತ್ತಬೇಕಾದ ಜಾಗ ಕೊಂಡಿಯ ಹಿಂದೆ, ಮುಂದೆ ಅಲ್ಲ.

ರಿಸೀವರಿನಿಂದ ಆಂಪಿಗೆ

ರಿಸೀವರಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಎರಡು ಔಟ್‌ಪುಟ್‌ಗಳಿರುತ್ತವೆ: ಮೂರು ಪಿನ್‌ಗಳ ಎಕ್ಸ್‌ಎಲ್‌ಆರ್ ಮತ್ತು 6.35 ಮಿಲಿಮೀಟರ್ ಜ್ಯಾಕ್. ಎಕ್ಸ್‌ಎಲ್‌ಆರ್ ಹಲವು ವೇಳೆ ಮೈಕ್ ಮಟ್ಟದ್ದು. ಲೈನ್ ಮಟ್ಟಕ್ಕಿಂತ ಅದು ಸುಮಾರು 20 ಡೆಸಿಬೆಲ್ ಅಥವಾ ಅದಕ್ಕೂ ಕೆಳಗೆ. ಅದನ್ನು ಅಡಾಪ್ಟರ್ ಮೂಲಕ ಗಿಟಾರ್ ಆಂಪಿಗೆ ಕೊಟ್ಟರೆ ಹತ್ತನೇ ಒಂದರಷ್ಟೇ ವೋಲ್ಟೇಜ್ ಸಿಗುತ್ತದೆ. ಕೆಲವು ಸಾಧನಗಳಲ್ಲಿ ‘ಮೈಕ್’, ‘ಲೈನ್’ ಎಂಬ ಸ್ವಿಚ್ ಇರುತ್ತದೆ. ಬ್ಯಾಲೆನ್ಸ್ಡ್ ಔಟ್‌ಪುಟ್ಟಿನ ಒಂದೇ ತಂತಿಯನ್ನು ಬಳಸಿದಾಗಲೂ ಹಲವು ಮಂಡಲಗಳಲ್ಲಿ ಅರ್ಧ ವೋಲ್ಟೇಜ್, ಅಂದರೆ 6 ಡೆಸಿಬೆಲ್, ನಷ್ಟವಾಗುತ್ತದೆ.

ರಿಸೀವರಿನ ಔಟ್‌ಪುಟ್ ಗುಬುಟನ್ನು ಎಲ್ಲಿಡಬೇಕು ಎಂಬುದಕ್ಕೆ ಅಳತೆಗೋಲು ಕೇಬಲ್ಲೇ. ಗಿಟಾರನ್ನು ಕೇಬಲ್ಲಿನಿಂದ ಮಿಕ್ಸರಿನ ವಾದ್ಯ-ಇನ್‌ಪುಟ್ಟಿಗೆ ಕೊಟ್ಟು, ಒಂದೇ ಸ್ವರಮೇಳವನ್ನು ಬಾರಿಸಿ ಮೀಟರ್ ಎಲ್ಲಿಗೆ ಮುಟ್ಟುತ್ತದೆ ಎಂದು ಗುರುತಿಸಿಕೊಳ್ಳಬೇಕು. ಮಿಕ್ಸರನ್ನು ಮುಟ್ಟದೆ ಕೇಬಲ್ಲಿನ ಜಾಗದಲ್ಲಿ ವೈರ್‌ಲೆಸ್ ಜೋಡಿಸಿ, ಮೀಟರ್ ಅಷ್ಟೇ ಮುಟ್ಟುವಂತೆ ಔಟ್‌ಪುಟ್ ತಿರುಗಿಸಬೇಕು. ಸಾಮಾನ್ಯ ಲೈನ್ ಇನ್‌ಪುಟ್ಟಿನಲ್ಲಿ ಈ ಹೋಲಿಕೆ ಮಾಡಿದರೆ ಪಿಕಪ್ ಮೇಲೆ ಹೊರೆ ಬಿದ್ದು ಕೇಬಲ್ಲಿನ ಅಳತೆಯೇ ತಪ್ಪುತ್ತದೆ. ಮಟ್ಟ ಸಮವಾದ ಮೇಲೂ ವೈರ್‌ಲೆಸ್‌ನ ನಾದ ತುಸು ಹೊಳಪಾಗಿ ಕೇಳಬಹುದು. ಉದ್ದನೆಯ ಕೇಬಲ್ ತನ್ನ ಧಾರಕತೆಯಿಂದ ತಾರಸ್ವರಗಳನ್ನು ನುಂಗುತ್ತದೆ, ಗಾಳಿ ನುಂಗುವುದಿಲ್ಲ. ಇದು ದೋಷವಲ್ಲ, ಕೆಲವು ತಯಾರಕರು ಹಳೆಯ ಕೇಬಲ್ಲಿನ ಆ ಮಂಕುತನವನ್ನು ಅನುಕರಿಸುವ ಸ್ವಿಚ್ಚನ್ನೂ ಒದಗಿಸುತ್ತಾರೆ.

ರೇಡಿಯೊ ಕೊಂಡಿ ದುರ್ಬಲವಾದಾಗ

2.4 ಗಿಗಾಹರ್ಟ್ಸ್ ಆವೃತ್ತಿಯಲ್ಲಿ 10 ಮಿಲಿವ್ಯಾಟ್ ಶಕ್ತಿಯ ಪ್ರೇಷಕ 10 ಮೀಟರ್ ದೂರದಲ್ಲಿದೆ ಎನ್ನಿ. ಮುಕ್ತ ಅವಕಾಶದಲ್ಲೇ ಶಕ್ತಿ ಸುಮಾರು 60 ಡೆಸಿಬೆಲ್ ಕುಗ್ಗಿ, ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ ಆಂಟೆನಾಗೆ ಸಿಗುತ್ತದೆ. ರಿಸೀವರಿಗೆ ಇದು ಧಾರಾಳ. ಇದಕ್ಕಿಂತ ಸಾವಿರ ಪಟ್ಟು ಕ್ಷೀಣವಾದ ಅಲೆಯನ್ನೂ ಅದು ಹಿಡಿಯಬಲ್ಲದು. ದೂರ ಇಮ್ಮಡಿಯಾದರೆ ಇನ್ನು 6 ಡೆಸಿಬೆಲ್ ಅಷ್ಟೇ ಕುಗ್ಗುತ್ತದೆ. ವೇದಿಕೆಯಲ್ಲಿ ಕೊಂಡಿ ಕಡಿಯುವುದು ದೂರದಿಂದಲ್ಲ, ಅಡ್ಡ ಬರುವ ವಸ್ತುಗಳಿಂದ.

ಮೊದಲ ಅಡ್ಡಿ ವಾದಕನ ದೇಹವೇ. ನೀರಿನಂಶ ತುಂಬಿದ ದೇಹ 2.4 ಗಿಗಾಹರ್ಟ್ಸ್ ಅಲೆಗಳನ್ನು ಚೆನ್ನಾಗಿ ಹೀರುತ್ತದೆ. ಪ್ರೇಷಕ ಬೆನ್ನ ಹಿಂದಿದ್ದು ರಿಸೀವರ್ ಎದುರಿಗಿದ್ದರೆ ಅಲೆ ದೇಹವನ್ನು ಬಳಸಿ ಬರಬೇಕು. ಪ್ರೇಷಕದ ಆಂಟೆನಾವನ್ನು ಬೆವರಿದ ಮೈಗೆ ಒತ್ತಿ, ಮಡಚಿ ಜೇಬಿನಲ್ಲಿಟ್ಟರಂತೂ ಶಕ್ತಿ ಹೊರಡುವ ಮೊದಲೇ ಸೋರಿರುತ್ತದೆ. ಎರಡನೆಯದು ರಿಸೀವರ್ ಇಡುವ ಜಾಗ. ಲೋಹದ ಪೆಡಲ್‌ಬೋರ್ಡಿನಲ್ಲಿ, ಮಾನಿಟರ್ ಸ್ಪೀಕರಿನ ಹಿಂದೆ, ನೆಲಮಟ್ಟದಲ್ಲಿ ಕುಳಿತ ರಿಸೀವರಿಗೆ ಪ್ರೇಷಕ ಕಾಣುವುದೇ ಇಲ್ಲ. ಕಣ್ಣಿಗೆ ನೇರ ಕಾಣುವ, ಜನರ ತಲೆಗಿಂತ ಎತ್ತರದ ಜಾಗ ಉತ್ತಮ. ಹಾಗೆಂದು ತೀರಾ ಹತ್ತಿರವೂ ಸಲ್ಲದು; ಒಂದೆರಡು ಮೀಟರಿನೊಳಗಿನ ಅತಿಬಲದ ಅಲೆ ರಿಸೀವರಿನ ಮುಂಭಾಗವನ್ನು ಉಸಿರುಕಟ್ಟಿಸಬಹುದು.

ಮೂರನೆಯ ಅಡ್ಡಿ ಪ್ರತಿಫಲನ. ತಗಡಿನ ಚಾವಣಿ, ಕಬ್ಬಿಣದ ಕಂಬಗಳಿಗೆ ಬಡಿದು ಬಂದ ಅಲೆ ನೇರ ಅಲೆಯೊಂದಿಗೆ ಎದುರುಬದುರಾಗಿ ಸೇರಿದ ಜಾಗದಲ್ಲಿ ಎರಡೂ ಪರಸ್ಪರ ಅಳಿಸಿಕೊಳ್ಳುತ್ತವೆ. 2.4 ಗಿಗಾಹರ್ಟ್ಸ್ ಅಲೆಯ ತರಂಗದೂರ 12.5 ಸೆಂಟಿಮೀಟರ್ ಮಾತ್ರ. ಹಾಗಾಗಿ ಇಂಥ ಕುರುಡು ಬಿಂದುಗಳು ಆರೇಳು ಸೆಂಟಿಮೀಟರಿಗೊಂದರಂತೆಯೂ ಇರಬಲ್ಲವು. ರಿಸೀವರಿಗೆ ಎರಡು ಆಂಟೆನಾ ಕೊಟ್ಟು ಒಳ್ಳೆಯದನ್ನು ಆಯ್ದುಕೊಳ್ಳುವ ಡೈವರ್ಸಿಟಿ ವಿಧಾನ ರೂಪುಗೊಂಡದ್ದು ಇದಕ್ಕಾಗಿ. ಎರಡನ್ನೂ ಒಂದೇ ದಿಕ್ಕಿಗೆ ಮಲಗಿಸದೆ ಬೇರೆ ಬೇರೆ ಕೋನದಲ್ಲಿ ಓರೆಯಾಗಿ ನಿಲ್ಲಿಸಿದರೆ ಅದರ ಪೂರ್ಣ ಪ್ರಯೋಜನ ಸಿಗುತ್ತದೆ. ಆಂಟೆನಾವನ್ನು ಕೇಬಲ್ಲಿನಿಂದ ದೂರ ಒಯ್ಯುವುದಾದರೆ ಕೇಬಲ್ಲಿನ ನಷ್ಟವನ್ನೂ ಎಣಿಸಬೇಕು. ಆರ್‌ಜಿ-58 ಎಂಬ ತೆಳು ಕೇಬಲ್ 600 ಮೆಗಾಹರ್ಟ್ಸ್ ಸುಮಾರಿಗೆ 10 ಮೀಟರಿನಲ್ಲಿ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ನುಂಗುತ್ತದೆ.

ಇವೆಲ್ಲ ಸರಿಯಿದ್ದೂ ಕೊಂಡಿ ಕಡಿಯುತ್ತಿದ್ದರೆ ಬೇರೆಯವರ ಅಲೆಗಳನ್ನು ಹುಡುಕಬೇಕು. ಪ್ರೇಷಕವನ್ನು ಆರಿಸಿದ ಮೇಲೂ ರಿಸೀವರಿನ ಆರ್‌ಎಫ್ ಸೂಚಕ ಮಿನುಗುತ್ತಿದ್ದರೆ ಆ ಚಾನೆಲ್ಲಿನಲ್ಲಿ ಬೇರೊಬ್ಬರಿದ್ದಾರೆ ಎಂದರ್ಥ. ವೈಫೈ, ಬ್ಲೂಟೂತ್ ಎರಡೂ ಸಂಚರಿಸುವುದು ಇದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ. ಖಾಲಿ ಸಭಾಂಗಣದಲ್ಲಿ ಚೆನ್ನಾಗಿದ್ದ ಕೊಂಡಿ ಸಭಿಕರು ತುಂಬಿದ ಮೇಲೆ ತಡವರಿಸಲು ಅವರ ಕಿಸೆಯಲ್ಲಿನ ಫೋನುಗಳೂ ಅವರ ದೇಹಗಳೂ ಸೇರಿ ಕಾರಣ. ವೇದಿಕೆಯ ಹಿಂಬದಿಯ ಎಲ್‌ಇಡಿ ಪರದೆಯೂ ರೇಡಿಯೊ ಗದ್ದಲ ಹೊರಸೂಸುತ್ತದೆ. ರಿಸೀವರನ್ನು ಅದರ ಬೆನ್ನಿಗೆ ಆನಿಸಿ ಇಡುವ ಅಭ್ಯಾಸ ಬಿಡಬೇಕು. ಹಲವು ವೈರ್‌ಲೆಸ್‌ಗಳು ಒಟ್ಟಿಗಿದ್ದಾಗ ಅವುಗಳ ಮಿಶ್ರಣದಿಂದಲೇ ಹೊಸ ಆವೃತ್ತಿಗಳು ಹುಟ್ಟುತ್ತವೆ. 520.0 ಮತ್ತು 520.4 ಮೆಗಾಹರ್ಟ್ಸ್‌ಗಳು ಸೇರಿ 519.6 ಮತ್ತು 520.8ರಲ್ಲಿ ನೆರಳು ಮೂಡಿಸಬಲ್ಲವು. ಮೂರನೆಯ ವಾದ್ಯವನ್ನು 520.8ಕ್ಕೆ ಇಟ್ಟವರು ಕಾರಣ ತಿಳಿಯದೆ ಪರದಾಡುತ್ತಾರೆ. ಸಾಧನಗಳಲ್ಲಿ ಮೊದಲೇ ಕೊಟ್ಟಿರುವ ‘ಗ್ರೂಪ್’ ಆಯ್ಕೆಗಳು ಈ ಲೆಕ್ಕ ಮಾಡಿಯೇ ಜೋಡಿಸಿದಂಥವು.

ಬ್ಯಾಟರಿಯ ಪಾತ್ರ ಜನ ಭಾವಿಸುವಷ್ಟು ನೇರವಲ್ಲ. ಬಹುಪಾಲು ಪ್ರೇಷಕಗಳು ಒಳಗಿನ ವೋಲ್ಟೇಜನ್ನು ಸ್ಥಿರವಾಗಿಡುವುದರಿಂದ ಬ್ಯಾಟರಿ ಇಳಿದಂತೆ ಶಬ್ದ ಇಳಿಯುವುದಿಲ್ಲ. ಒಂದು ಹಂತದಲ್ಲಿ ಸಾಧನವೇ ಆರುತ್ತದೆ. ಕ್ಷಾರೀಯ ಸೆಲ್ಲಿನ ವೋಲ್ಟೇಜ್ 1.5, ಮರುಪೂರಣದ ನಿಕ್ಕಲ್ ಸೆಲ್ಲಿನದು 1.2. ಕ್ಷಾರೀಯಕ್ಕೆ ಹೊಂದಿಸಿದ ಸೂಚಕ, ತುಂಬಿದ ನಿಕ್ಕಲ್ ಸೆಲ್ಲನ್ನೂ ಅರ್ಧ ಖಾಲಿ ಎಂದು ತೋರಿಸಬಹುದು.

ಬಳಕೆಯ ಕ್ಷೇತ್ರ ಮತ್ತು ಆವೃತ್ತಿಗಳು

ವೈರ್‌ಲೆಸ್ ಗಿಟಾರ್ ರಾಕ್ ವೇದಿಕೆಗೆ ಬಂದದ್ದು 1970ರ ದಶಕದಲ್ಲಿ. 1976ರ ಡಿಸೆಂಬರಿನಲ್ಲಿ ಫ್ಲಾರಿಡಾದ ಲೇಕ್‌ಲ್ಯಾಂಡ್‌ನಲ್ಲಿ ಕಿಸ್ ತಂಡದ ಗಿಟಾರ್ ವಾದಕ ಏಸ್ ಫ್ರೇಲಿಗೆ ವೇದಿಕೆಯ ಮೇಲೆ ವಿದ್ಯುತ್ ಆಘಾತವಾಯಿತು. ಆ ಬಳಿಕ ತಂಡ ನೆಚ್ಚಿಕೊಂಡದ್ದು ಕೆನ್ ಶೇಫರ್ ರೂಪಿಸಿದ್ದ ‘ಶೇಫರ್-ವೇಗಾ ಡೈವರ್ಸಿಟಿ ಸಿಸ್ಟಮ್’ ಅನ್ನು. ಎಸಿ/ಡಿಸಿ ತಂಡದ ಆಂಗಸ್ ಯಂಗ್ ಇದನ್ನು ಧ್ವನಿಮುದ್ರಣದಲ್ಲೂ ಬಳಸಿದರು. ಅದರ ಕಂಪ್ಯಾಂಡಿಂಗ್ ಮತ್ತು ಹೆಚ್ಚುವರಿ ಗೇನ್ ಆಂಪನ್ನು ಬಲವಾಗಿ ತಳ್ಳುತ್ತಿದ್ದ ರೀತಿಯೇ ಅವರ ನಾದದ ಭಾಗವಾಯಿತು. ಇಂದು ಆ ಗುಣವನ್ನಷ್ಟೇ ಮರುಸೃಷ್ಟಿಸುವ, ರೇಡಿಯೊವೇ ಇಲ್ಲದ ಪೆಡಲ್‌ಗಳು ಮಾರಾಟದಲ್ಲಿವೆ.

ಗಣೇಶೋತ್ಸವದ ಆರ್ಕೆಸ್ಟ್ರಾದಿಂದ ಮೈಸೂರಿನ ಯುವ ದಸರಾ ವೇದಿಕೆಯವರೆಗೆ, ದೇವಾಲಯದ ಸಭಾಭವನದಿಂದ ಚರ್ಚಿನ ಗಾಯಕವೃಂದದವರೆಗೆ ಗಿಟಾರ್ ನುಡಿಸುವವರಿಗೆ ಈ ಸಾಧನ ಇಂದು ಕೈಗೆಟುಕುತ್ತದೆ. ಅಗ್ಗದ ಸಾಧನಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್‌ನವು, ಭಾರತದಲ್ಲಿ ನಿಗದಿತ ಶಕ್ತಿಮಿತಿಯೊಳಗೆ ಈ ಪಟ್ಟಿಗೆ ಪರವಾನಗಿ ಬೇಕಿಲ್ಲ. ಯುಎಚ್‌ಎಫ್ ಪಟ್ಟಿಯ ಕತೆ ಬೇರೆ. 600 ಮೆಗಾಹರ್ಟ್ಸ್‌ನಲ್ಲಿ ಅದೇ ಬಗೆಯ ಆಂಟೆನಾಗೆ 2.4 ಗಿಗಾಹರ್ಟ್ಸ್‌ಗಿಂತ ಹದಿನಾರು ಪಟ್ಟು ಹೆಚ್ಚು ಶಕ್ತಿ ಸಿಗುತ್ತದೆ, ದೇಹದ ತಡೆಯೂ ಕಡಿಮೆ. ಆದರೆ ಆ ಪಟ್ಟಿಯನ್ನು ಮೊಬೈಲ್ ಸೇವೆಗಳು ಒಂದೊಂದಾಗಿ ಆಕ್ರಮಿಸುತ್ತಿವೆ. ಅಮೆರಿಕದಲ್ಲಿ 700 ಮೆಗಾಹರ್ಟ್ಸ್‌ನ ನಿಸ್ತಂತು ಮೈಕುಗಳು 2010ರ ಜೂನ್‌ನಲ್ಲಿ ನಿಂತವು. 600ರ ಬಹುಭಾಗ 2020ರ ಜುಲೈನಲ್ಲಿ ಮುಚ್ಚಿತು. ಭಾರತದಲ್ಲಿ 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಪಟ್ಟಿಯನ್ನು ಜಿಯೊ ಕೊಂಡು 5ಜಿ ಸೇವೆಗೆ ಬಳಸುತ್ತಿದೆ. ವಿದೇಶದಿಂದ ತಂದ ಹಳೆಯ ಸೆಟ್ಟು ಈ ಪಟ್ಟಿಯದಾಗಿದ್ದರೆ ಹತ್ತಿರದ ಮೊಬೈಲ್ ಗೋಪುರದ ಮುಂದೆ ಅದರ ಹತ್ತಾರು ಮಿಲಿವ್ಯಾಟ್ ನಿಲ್ಲಲಾರದು. ಆಂಟೆನಾ ಎಷ್ಟು ಎತ್ತರಿಸಿದರೂ ಫಲವಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಗಿಟಾರ್ ನುಡಿಸಿ ನೋಡುವ ಮೊದಲು ಬಾಡಿಪ್ಯಾಕಿನ ಬ್ಯಾಟರಿ ಮುಚ್ಚಳ ತೆಗೆದು, ಒಳಗಿನ ಚೀಟಿಯಲ್ಲಿ ಅಚ್ಚಾಗಿರುವ ಮೆಗಾಹರ್ಟ್ಸ್ ಅಂಕಿಯನ್ನು ಓದಿಕೊಳ್ಳಬೇಕು.